ಹೆಲ್ಮೆಟ್ ತಪಾಸಣೆಗೆ ಲಾಠಿ ಏಕೆ?

ಮಾನ್ಯರೇ,

ಟೋಲ್ ಬಾಕಿಗೆಂದು ತಡೆದ ಕಾರಿನ ಚಾಲಕನನ್ನು ಪೊಲೀಸ್ ಅಧಿಕಾರಿ ಗುಂಡಿಟ್ಟು ಕೊಂದ ಪ್ರಕರಣದಲ್ಲಿ, ಗುಂಡು ಹಾರಿದ ಕ್ಷಣವಷ್ಟೇ ಅಲ್ಲ, ಅದಕ್ಕೂ ಮುಂಚಿನ ನಡೆಯನ್ನೂ ನೋಡಬೇಕೆಂದು ಅಮೆರಿಕದ ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿತು. (ಹೊರಟ ಕಾರನ್ನು ಹತ್ತಿ ನಿಂತದ್ದು ಆ ಅಧಿಕಾರಿಯೇ!) ನಮ್ಮ ಕಾನೂನು ಇನ್ನೂ ಸ್ಪಷ್ಟ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧದ ಆರೋಪಿಯಲ್ಲದವರನ್ನು ಬಂಧಿಸುವಾಗ ಪ್ರಾಣ ತೆಗೆಯುವ ಹಕ್ಕನ್ನು ಬಂಧನ, ತನಿಖೆಯ ವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಂ ಪೊಲೀಸರಿಗೆ ಕೊಡುವುದಿಲ್ಲ. ವಾಹನವನ್ನೇ ಮೈಮೇಲೆ ನುಗ್ಗಿಸಿದರೆ ಆತ್ಮರಕ್ಷಣೆ, ಆ ಮಾತು ಬೇರೆ.

ಬೆಂಗಳೂರಿನ ರಸ್ತೆಯಲ್ಲಿ ಭಯ ಪಿಸ್ತೂಲಿನದಲ್ಲ, ಹೆಲ್ಮೆಟ್ ತಪಾಸಣೆಗೆಂದು ಓಡುವ ಬೈಕಿನ ಹ್ಯಾಂಡಲ್‌ಗೆ ಬೀಳುವ ಟ್ರಾಫಿಕ್ ಪೊಲೀಸರ ಕೈಯದು. ಫ್ಲೈಓವರ್ ಇಳಿಯುವಲ್ಲಿ, ತಿರುವಿನ ಮರೆಯಲ್ಲಿ ದಿಢೀರನೆ ಅಡ್ಡ ಬಂದರೆ ಸವಾರ ಮುಂದಿನ ಬ್ರೇಕ್ ಹಿಂಡುತ್ತಾನೆ, ಚಕ್ರ ಜಾರುತ್ತದೆ, ಹಿಂದೆ ಕೂತವರು ಬಸ್ಸಿನ ಗಾಲಿಗೆ. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ಹೆಲ್ಮೆಟ್ ತಪಾಸಣೆ ವೇಳೆ ಪುಟ್ಟ ಮಗುವೊಂದು ಸತ್ತದ್ದು ಮರೆಯುವಂಥದ್ದೇ?

ನಿಲ್ಲದವನ ನಂಬರ್ ಪ್ಲೇಟಿನ ಫೋಟೊ ಸಾಕು. ಓಡಿಸಿದವರು ಯಾರೆಂದು ಮಾಲೀಕ ಹೇಳಲೇಬೇಕು, ಮೋಟಾರು ವಾಹನ ಕಾಯ್ದೆಯ 133ನೇ ಕಲಂ ಇರುವುದೇ ಅದಕ್ಕೆ. ಪ್ಲೇಟ್ ಮರೆಮಾಡಿದ್ದರೆ ವೈರ್‌ಲೆಸ್‌ನಲ್ಲಿ ಮುಂದಿನ ಸಿಗ್ನಲ್‌ಗೆ ತಿಳಿಸಲಿ. ನಮ್ಮ ಟ್ರಾಫಿಕ್‌ನಲ್ಲಿ ಅವನು ಎಷ್ಟು ದೂರ ಹೋದಾನು!

– ಓರ್ವ ವಕೀಲ, ಬೆಂಗಳೂರು