ಐವತ್ತಮೂರರಲ್ಲಿ ಬರೆದ ಮೊದಲ ಕತೆ: ಹೊಸ ಬರಹಗಾರ್ತಿಗೊಂದು ಪತ್ರ

ಬಸವನಗುಡಿ, ಬೆಂಗಳೂರು

ಪ್ರೀತಿಯ ಸೋದರಿ,

ನಿಮ್ಮ ಪತ್ರವೂ ಅದರೊಡನೆ ಕಳುಹಿಸಿದ್ದ ಕತೆಯೂ ಕೈಸೇರಿ ಎರಡು ವಾರವಾಯಿತು. ಕತೆಯನ್ನು ಮೂರು ಸಲ ಓದಿದ ಮೇಲೆಯೇ ಬರೆಯೋಣವೆಂದು ತಡೆದೆ. ಬ್ಯಾಂಕಿನಲ್ಲಿ 29 ವರ್ಷ ದುಡಿದಿದ್ದೀರಿ, ಮನೆಯ ಸಾಲ ತೀರಿದೆ, ಮಗಳು ಕೆಲಸಕ್ಕೆ ಸೇರಿದ್ದಾಳೆ. ಇನ್ನು ಸ್ವಯಂ ನಿವೃತ್ತಿ ಪಡೆದು ಬರವಣಿಗೆಯನ್ನೇ ವೃತ್ತಿಯಾಗಿ ಹಿಡಿಯಬಹುದೇ, ಅಥವಾ 53 ಎಂಬುದು ಅದಕ್ಕೆ ತೀರ ತಡವೇ ಎಂದು ಕೇಳಿದ್ದೀರಿ.

ವಯಸ್ಸಿನ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ 35 ವರ್ಷದೊಳಗಿನವರಿಗೆ ಮೀಸಲು. ಅದು ನಿಮಗೆ ಸಿಗುವುದಿಲ್ಲ. ಅದರಾಚೆಗೆ ವಯಸ್ಸು ನಿಮ್ಮಿಂದ ಏನನ್ನೂ ಕಿತ್ತುಕೊಂಡಿಲ್ಲ. ನಮ್ಮ ಊರಿನವರೇ ಆದ ಜಿ. ವೆಂಕಟಸುಬ್ಬಯ್ಯನವರು 1913ರಲ್ಲಿ ಹುಟ್ಟಿದವರು, 1973ರಲ್ಲಿ ಅಧ್ಯಾಪನದಿಂದ ನಿವೃತ್ತರಾದವರು. ಪ್ರಜಾವಾಣಿಯಲ್ಲಿ ಅವರ ‘ಇಗೋ ಕನ್ನಡ’ ಅಂಕಣ ಶುರುವಾದದ್ದು 1991ರಲ್ಲಿ. ನಾಡಿನ ಮನೆಮನೆಗೆ ಅವರ ಹೆಸರನ್ನು ಮುಟ್ಟಿಸಿದ ಕೆಲಸವನ್ನು ಅವರು ಕೈಗೆತ್ತಿಕೊಂಡಾಗ ಎಪ್ಪತ್ತೆಂಟರ ಆಸುಪಾಸಿನಲ್ಲಿದ್ದರು. ಆದರೆ ಆ ಅಂಕಣದ ಹಿಂದೆ ದಶಕಗಳ ನಿಘಂಟು ಕೆಲಸವಿತ್ತು, ತರಗತಿಯಲ್ಲಿ ಕಳೆದ ವರ್ಷಗಳಿದ್ದವು ಎಂಬುದನ್ನು ಮರೆಯಬೇಡಿ. ಅವರು ತಡವಾಗಿ ಹೊರಟವರಲ್ಲ, ಬಹಳ ಹಿಂದೆಯೇ ಹೊರಟು ನಡೆಯುತ್ತಲೇ ಇದ್ದವರು.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಿವೃತ್ತಿಯ ಮಾರನೆಯ ದಿನದಿಂದ ಬರವಣಿಗೆ ಆರಂಭವಾಗುತ್ತದೆ ಎಂದು ನೀವು ನಂಬಿದಂತಿದೆ. ಮಾಸ್ತಿಯವರ ಉದಾಹರಣೆಯನ್ನು ಕೊಟ್ಟಿದ್ದೀರಿ. ಅವರು ಐವತ್ತು ದಾಟಿದ ಮೇಲೆ, 1943ರಲ್ಲಿ, ಸರ್ಕಾರಿ ಸೇವೆಗೆ ರಾಜೀನಾಮೆ ಕೊಟ್ಟದ್ದು ನಿಜ. ‘ಚಿಕವೀರ ರಾಜೇಂದ್ರ’ ಹೊರಬಂದದ್ದು 1956ರಲ್ಲಿ ಎಂಬುದೂ ನಿಜ. ಆದರೆ ಅವರ ಮೊದಲ ಕಥಾಸಂಕಲನ 1920ರದು. ಅಂದರೆ ಆಡಳಿತದ ಹೊಣೆ ಹೊತ್ತಿದ್ದ ವರ್ಷಗಳುದ್ದಕ್ಕೂ, ವರ್ಗವಾಗಿ ಹೋದ ಊರುಗಳಲ್ಲೆಲ್ಲ, ಆ ಮನುಷ್ಯ ಬರೆಯುತ್ತಿದ್ದರು. ರಾಜೀನಾಮೆಯ ದಿನ ಅವರು ಹೊತ್ತು ತಂದದ್ದು ಇಪ್ಪತ್ತಕ್ಕೂ ಹೆಚ್ಚು ವರ್ಷ ಪಳಗಿದ ಕೈಯನ್ನು.

ನನ್ನದನ್ನೂ ಹೇಳಬೇಕು, ಏಕೆಂದರೆ ಈ ವಿಷಯದಲ್ಲಿ ನಾನು ಪೆಟ್ಟು ತಿಂದವನು. ನಾನು ಚಾಮರಾಜಪೇಟೆಯ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೆ. ಬೇರೆಯವರ ಒತ್ತಕ್ಷರಗಳನ್ನು ಸರಿಪಡಿಸುತ್ತಲೇ ನನ್ನ ಆಯುಷ್ಯ ಮುಗಿದುಹೋಗುತ್ತದೆ ಎಂಬ ಸಂಕಟ ಹೆಚ್ಚಿ, 46ನೆಯ ವಯಸ್ಸಿನಲ್ಲಿ ಕೆಲಸ ಬಿಟ್ಟೆ. ದಿನವೆಲ್ಲ ನನ್ನದಾಗಿತ್ತು. ಬೆಳಿಗ್ಗೆ ಗಾಂಧಿ ಬಜಾರಿಗೆ ಹೋಗಿ ತರಕಾರಿ ತಂದು, ಪತ್ರಿಕೆ ಓದಿ, ಹತ್ತು ಗಂಟೆಗೆ ಮೇಜಿನ ಮುಂದೆ ಕೂರುತ್ತಿದ್ದೆ. ಎಂಟು ತಿಂಗಳಲ್ಲಿ ಉಳಿಸಿಕೊಳ್ಳುವಂಥ ಒಂದು ಪುಟವನ್ನೂ ಬರೆಯಲಿಲ್ಲ. ಕೈಯಲ್ಲಿದ್ದ ಹಣ ಕರಗುವುದನ್ನು ಕಂಡ ಹಾಗೆಲ್ಲ ಪ್ರತಿ ವಾಕ್ಯವೂ ಅನ್ನ ಕೊಡಬೇಕೆಂಬ ಆತುರ ಹುಟ್ಟಿ, ಆ ಭಾರಕ್ಕೆ ಬರವಣಿಗೆ ಕುಸಿಯಿತು. ಕೊನೆಗೆ ಅರ್ಧ ದಿನದ ಕರಡು ಕೆಲಸಕ್ಕೆ ಮತ್ತೆ ಸೇರಿಕೊಂಡೆ. ನನ್ನ ಮೊದಲ ಪುಸ್ತಕವನ್ನು ಬರೆದದ್ದು ಅದಾದ ಮೇಲೆ, ಬೆಳಗಿನ ಐದರಿಂದ ಏಳರವರೆಗೆ, ಮನೆಯವರು ಏಳುವ ಮುಂಚೆ.

ಆದ್ದರಿಂದ ನನ್ನ ಸಲಹೆ ಇಷ್ಟು: ರಾಜೀನಾಮೆ ಪತ್ರವನ್ನು ಇನ್ನೊಂದು ವರ್ಷ ಬರೆಯಬೇಡಿ. ಈ ಕೆಲಸ, ಈ ಮನೆ, ಈ ಓಡಾಟಗಳ ನಡುವೆಯೇ ದಿನಕ್ಕೆ ಒಂದೂವರೆ ಗಂಟೆಯನ್ನು ಕಾಯ್ದುಕೊಂಡು, ವರ್ಷ ತುಂಬುವುದರೊಳಗೆ ಆರು ಕತೆಗಳನ್ನು ಮುಗಿಸಿ. ಮುಗಿಸಿದರೆ ಧೈರ್ಯವಾಗಿ ಹೊರಗೆ ಬನ್ನಿ, ನಾನೇ ಮುಂದೆ ನಿಂತು ಹರಸುತ್ತೇನೆ. ಮುಗಿಸಲಾಗದಿದ್ದರೆ, ಬಿಡುವು ಹೆಚ್ಚಿದ ಮಾತ್ರಕ್ಕೆ ಮುಗಿಯುತ್ತದೆ ಎಂದು ನಾನು ನಂಬಲಾರೆ.

ಹಣದ ಲೆಕ್ಕವನ್ನು ನಿಮಗೆ ವಿವರಿಸಬೇಕಾಗಿಲ್ಲ. 200 ರೂಪಾಯಿ ಬೆಲೆಯ ಪುಸ್ತಕದ 1,000 ಪ್ರತಿಗಳು ಪೂರ್ತಿ ಮಾರಾಟವಾಗಿ, ಶೇ 10ರ ಗೌರವಧನ ಸಿಕ್ಕಿದರೂ ಬರುವುದು 20,000 ರೂಪಾಯಿ. ಅಷ್ಟು ಪ್ರತಿಗಳು ಖರ್ಚಾಗಲು ವರ್ಷಗಳೇ ಹಿಡಿಯಬಹುದು. ಅಕ್ಷರವನ್ನು ನಂಬಿ ಬದುಕುತ್ತಿರುವ ನನ್ನ ಗೆಳೆಯರಲ್ಲಿ ಹೆಚ್ಚಿನವರಿಗೆ ಊಟ ಹಾಕುತ್ತಿರುವುದು ಅನುವಾದ, ಪ್ರತಿ ತಿದ್ದುವ ಕೆಲಸ, ಅಂಕಣಗಳು. ಬ್ಯಾಂಕಿನ ಇಂಗ್ಲಿಷನ್ನು ಗಿರಾಕಿಗೆ ತಿಳಿಯುವ ಕನ್ನಡಕ್ಕೆ ತರುವ ಅಭ್ಯಾಸ ನಿಮಗೆ 29 ವರ್ಷಗಳದು. ಅನುವಾದಕ್ಕೆ ಅದು ಒಳ್ಳೆಯ ಬುನಾದಿ, ಆ ಕಡೆ ಈಗಿನಿಂದಲೇ ಕೈಹಾಕಿ.

ಇನ್ನು ಕತೆ. ನವೆಂಬರ್ ತಿಂಗಳಲ್ಲಿ ಜೀವನ ಪ್ರಮಾಣಪತ್ರ, ಅಂದರೆ ಪಿಂಚಣಿ ಪಡೆಯುವವರು ಬದುಕಿದ್ದಾರೆಂಬ ದಾಖಲೆ, ಕೊಡಲು ಬಂದ ಆ ಮುದುಕಿಯ ಭಾಗವನ್ನು ಓದಿ ನಾನು ಪುಸ್ತಕ ಮಡಚಿಟ್ಟಂತೆ ಸುಮ್ಮನೆ ಕೂತೆ. ಗಂಡನ ಪಿಂಚಣಿಯಲ್ಲಿ ಬದುಕುತ್ತಿರುವಾಕೆ, ಊದುಬತ್ತಿ ಹೊಸೆದು ಹೊಸೆದು ಬೆರಳಿನ ಗೆರೆಗಳೇ ಸವೆದುಹೋದಾಕೆ. ಯಂತ್ರ ಹೆಬ್ಬೆಟ್ಟನ್ನು ಒಪ್ಪುವುದಿಲ್ಲ. ನಿಮ್ಮ ಗುಮಾಸ್ತೆ ಕರವಸ್ತ್ರ ಒದ್ದೆ ಮಾಡಿ ಆ ಬೆರಳನ್ನು ಒರೆಸುತ್ತಾಳೆ, ಮತ್ತೆ ಒತ್ತಿಸುತ್ತಾಳೆ, ಆಗುವುದಿಲ್ಲ. “ಎದುರಿಗೇ ನಿಂತಿದ್ದೀನಲ್ಲಮ್ಮ, ಇನ್ನೇನು ಗುರುತು ಬೇಕು?” ಎಂದು ಮುದುಕಿ ಕೇಳುತ್ತಾಳೆ. ಕೌಂಟರಿನ ಆಚೆ ಕೂತು ವರ್ಷಗಟ್ಟಲೆ ಇಂಥ ಕೈಗಳನ್ನು ಹಿಡಿದವರಲ್ಲದೆ ಬೇರೆಯವರು ಇದನ್ನು ಬರೆಯಲಾರರು. ಇಪ್ಪತ್ತೈದರಲ್ಲಿ ಬರೆಯಲು ಕೂತಿದ್ದರೆ ಈ ಪುಟ ನಿಮಗೂ ಒದಗುತ್ತಿರಲಿಲ್ಲ. ಕಳೆದುಕೊಂಡೆ ಎಂದು ನೀವು ಕೊರಗುತ್ತಿರುವ ವರ್ಷಗಳೇ ಇದನ್ನು ಬರೆದಿವೆ.

ಆದರೆ ಅಲ್ಲಿಗೆ ನಿಲ್ಲಿಸದೆ ಗುಮಾಸ್ತೆಯನ್ನು ಲಾಲ್‌ಬಾಗಿನ ಕೆರೆಯ ದಂಡೆಗೆ ಕಳುಹಿಸಿ, ಬದುಕಿನ ಅರ್ಥವೇನೆಂದು ಎರಡು ಪುಟ ಯೋಚನೆ ಮಾಡಿಸಿದ್ದೀರಿ. ಸಾಹಿತ್ಯವೆಂದರೆ ಹೀಗಿರಬೇಕು ಎಂಬ ಅಳುಕಿನಿಂದ ಬರೆದ ಪುಟಗಳವು. ಅವುಗಳ ಭಾಷೆ ನಿಮ್ಮದಲ್ಲ. ಅಲ್ಲಿ ‘ಅನಂತ’ ಎಂಬ ಪದ ನಾಲ್ಕು ಸಲ ಬಂದಿದೆ. ಕೌಂಟರಿನ ಭಾಗದಲ್ಲಿ ಒಂದು ಸಲವೂ ಬಂದಿಲ್ಲ, ಬೇಕಾಗಿಯೂ ಇಲ್ಲ. ಎರಡೂ ಪುಟಗಳನ್ನು ತೆಗೆದುಬಿಡಿ. ನೋವಾಗುತ್ತದೆ, ಆದರೂ ತೆಗೆಯಿರಿ. ತಡವಾಗಿ ಬಂದವರಿಗೆ ಎಲ್ಲವನ್ನೂ ಒಂದೇ ಕತೆಯಲ್ಲಿ ಹೇಳಿ ಮುಗಿಸಬೇಕೆಂಬ ಅವಸರವಿರುತ್ತದೆ, ನನಗೂ ಇತ್ತು. ನಿಮ್ಮ ಎರಡನೆಯ ಕತೆಗೆ, ಮೂರನೆಯದಕ್ಕೆ ಸಮಯವಿದೆ.

ಕೆಂಪು ಶಾಯಿಯಲ್ಲಿ ಗುರುತು ಮಾಡಿದ ಪ್ರತಿಯನ್ನು ಇದರೊಂದಿಗೆ ಇಟ್ಟಿದ್ದೇನೆ. ಇನ್ನೊಂದು ಮಾತು. ಆ ಮುದುಕಿಗೆ ನೀವು ಎಲ್ಲಿಯೂ ಹೆಸರಿಟ್ಟಿಲ್ಲ. ಆಕೆಯ ಪಾಸ್‌ಬುಕ್ಕಿನ ಮೇಲೆ ಹೆಸರು ಇದ್ದೇ ಇರುತ್ತದಲ್ಲವೇ? ಗುಮಾಸ್ತೆ ಅದನ್ನು ಓದಿ ಆಕೆಯನ್ನು ಹೆಸರು ಹಿಡಿದು ಕರೆಯುವಂತೆ ತಿದ್ದಿ ಬರೆದು, ಮುಂದಿನ ತಿಂಗಳು ಯಾವುದಾದರೊಂದು ಭಾನುವಾರ ಸಂಜೆ ಮನೆಗೆ ತನ್ನಿ. ಕೂತು ಓದೋಣ.

ಇಂತಿ,
ನಿಮ್ಮ ಹಿತೈಷಿ