ಮಡಕೆಯ ಮೇಲೆ ಮೂರು ಬೆರಳು

ಮಾನ್ಯ ಸಂಪಾದಕರೇ,

ಏಪ್ರಿಲ್ ಬಂತೆಂದರೆ ಮ್ಯಾನ್ಮಾರ್‌ನ ಹೊಸ ವರ್ಷಕ್ಕೆ ನಮ್ಮ ಪತ್ರಿಕೆಗಳಲ್ಲಿ ಸಿಗುವುದು ನೀರೆರಚುವವರ ಒಂದು ಚಿತ್ರ, ಅಷ್ಟೇ. ಅಲ್ಲಿ ಈ ಹಬ್ಬಕ್ಕೆ ‘ತಿಂಜಾನ್’ ಎನ್ನುತ್ತಾರೆ. ನಮ್ಮ ‘ಸಂಕ್ರಾಂತಿ’ಯೇ ಬರ್ಮೀ ನಾಲಿಗೆಯಲ್ಲಿ ಹಾಗಾಗಿದೆ. ಇಂದ್ರ ಭೂಮಿಗಿಳಿದು ಒಳ್ಳೆಯವರ ಹೆಸರನ್ನು ಚಿನ್ನದ ಪುಸ್ತಕದಲ್ಲಿ, ಕೆಟ್ಟವರದನ್ನು ನಾಯಿಚರ್ಮದ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನಂತೆ. ಅವನ ಸ್ವಾಗತಕ್ಕೆ ಮನೆ ಮುಂದೆ ಹೂವು, ಎಲೆ ತುಂಬಿದ ಮಡಕೆ ಇಡುತ್ತಾರೆ. ಬೆಲ್ಲ ತುಂಬಿದ ಅಕ್ಕಿಹಿಟ್ಟಿನ ಉಂಡೆಗಳನ್ನು ಬೇಯಿಸಿ ಹಂಚುತ್ತಾರೆ. ಒಂದೆರಡರಲ್ಲಿ ಬೆಲ್ಲದ ಬದಲು ಮೆಣಸಿನಕಾಯಿ! ನಮ್ಮ ಬೇವು–ಬೆಲ್ಲಕ್ಕೆ ಇಷ್ಟು ತುಂಟತನವಿಲ್ಲ.

2021ರ ಫೆಬ್ರುವರಿ 1ರಂದು ಸೇನೆ ಅಧಿಕಾರ ಕಸಿದುಕೊಂಡಿತು. ಆ ಏಪ್ರಿಲ್‌ನಲ್ಲಿ ಬಹಳಷ್ಟು ಮಂದಿ ನೀರಾಟವೇ ಬೇಡವೆಂದರು. ಮಡಕೆಯನ್ನು ಮಾತ್ರ ಬಿಡಲಿಲ್ಲ. ಅದರ ಮೇಲೆ ಪ್ರತಿಭಟನೆಯ ಗುರುತಾದ ಮೂರು ಬೆರಳಿನ ವಂದನೆಯನ್ನು ಚಿತ್ರಿಸಿ, ಒಳಗೆ ಹೂವಿಟ್ಟು, ಬೀದಿಬದಿಯಲ್ಲಿ ಸಾಲಾಗಿ ಜೋಡಿಸಿದರು. ಹಬ್ಬ ಎಂದಿನಂತೆ ನಡೆಯಲಿ ಎಂಬುದು ಆಳುವವರ ಆಸೆ. ಜನ ನೀರು ಚೆಲ್ಲದೆ ಉತ್ತರಿಸಿದರು. 2025ರಲ್ಲಂತೂ ಹಬ್ಬಕ್ಕೆ ಎರಡು ವಾರ ಮೊದಲೇ, ಮಾರ್ಚ್ 28ರಂದು, ಭೂಕಂಪ ಮಾಂಡಲೆಯನ್ನು ಕೆಡವಿತ್ತು.

ಮುಂದಿನ ಏಪ್ರಿಲ್‌ನಲ್ಲಿ ನೀರೆರಚುವ ಚಿತ್ರದ ಪಕ್ಕ ಆ ಮಡಕೆಗಳದೂ ಒಂದು ಚಿತ್ರ ಹಾಕಿ.

– ಒಬ್ಬ ಓದುಗ, ಮೈಸೂರು