ಎಂಜಿನ್ ಸಾಗಣೆಯಲ್ಲಿ ಬದಲಾವಣೆ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ನಮಸ್ಕಾರ. ಬರುವ ತಿಂಗಳಿನಿಂದ ನಮ್ಮ ವರ್ಕ್‌ಶಾಪಿಗೆ ಬರುವ ಮತ್ತು ಇಲ್ಲಿಂದ ಹೊರಡುವ ಬಿಡಿ ಎಂಜಿನ್‌ಗಳೆಲ್ಲ ಕಬ್ಬಿಣದ ಕ್ರೇಡಲ್‌ನಲ್ಲೇ (ಎಂಜಿನ್ನನ್ನು ಕೂರಿಸಿ ಹಿಡಿಯುವ ಚೌಕಟ್ಟು) ಸಾಗಬೇಕು. ಹಳೆಯ ಟೈರಿನ ಮೇಲೆ ಕೂರಿಸಿ, ಹಗ್ಗ ಬಿಗಿದು ಗೂಡ್ಸ್ ಆಟೋದಲ್ಲಿ ತಂದ ಎಂಜಿನ್ನನ್ನು ಇನ್ನು ಇಳಿಸಿಕೊಳ್ಳುವುದಿಲ್ಲ. ಇದರಿಂದ ನಿಮ್ಮ ಖರ್ಚು ಸ್ವಲ್ಪ ಏರುತ್ತದೆ. ಆದ್ದರಿಂದ ಕಾರಣವನ್ನು ಬಿಡಿಸಿ ಹೇಳುತ್ತಿದ್ದೇವೆ.

ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ನನ್ನೇ ನೋಡಿ. ಬ್ಲಾಕ್, ಹೆಡ್ ಎರಡೂ ಬೀಡುಕಬ್ಬಿಣ; ಗೇರ್‌ಬಾಕ್ಸ್ ಕಳಚಿಟ್ಟರೂ 150 ಕಿಲೋ ದಾಟುವ ತೂಕ. ಅದರ ಅಡಿಗಿರುವುದು ತಗಡಿನ ಆಯಿಲ್ ಚೇಂಬರ್. ಚೇಂಬರ್ ಇರುವುದು ಎಣ್ಣೆ ಹಿಡಿಯಲು. ಕಾರಿನೊಳಗೆ ಎಂಜಿನ್ನಿನ ಭಾರವನ್ನು ಹೊರುವುದು ಫೌಂಡೇಶನ್‌ಗಳು, ಅಂದರೆ ಅದನ್ನು ಕಾರಿಗೆ ಹಿಡಿಸುವ ಆಸರೆಗಳು. ಎಂಜಿನ್ನನ್ನು ಚೇಂಬರಿನ ಮೇಲೆ ಕೂರಿಸಿ ಶಿರಾಡಿ ಘಾಟಿ ಹತ್ತಿಸಿದರೆ ಪ್ರತಿ ಗುಂಡಿಗೂ ತಗಡು ಒಂದಿಷ್ಟು ಒಳಗೆ ತಗ್ಗುತ್ತದೆ. ಹೊರಗಿನಿಂದ ಅದು ಸಣ್ಣ ನೆಗ್ಗಿನಂತೆ ಕಾಣುತ್ತದೆ. ಬಿಚ್ಚಿ ನೋಡಿದಾಗ ಎಣ್ಣೆ ಹೀರುವ ಜಾಲರಿಗೆ ತಗಡು ಅಂಟಿಕೊಂಡಿರುತ್ತದೆ. ಹಾಗೆಯೇ ಸ್ಟಾರ್ಟ್ ಮಾಡಿದರೆ ಪಂಪಿಗೆ ಎಣ್ಣೆ ಸಾಲದೆ ಹೊಸ ಬೇರಿಂಗ್‌ಗಳು ಸುಟ್ಟುಹೋಗುತ್ತವೆ. ಇಂಥ ಚೇಂಬರ್‌ಗಳು ಕಾಫಿ ತೋಟಗಳ ವಿಲ್ಲಿಸ್ ಜೀಪ್‌ಗಳಿಂದಲೂ ನಮ್ಮ ಬಳಿಗೆ ಬಂದಿವೆ.

ನಮ್ಮ ಕ್ರೇಡಲ್ ಎಂಜಿನ್ನನ್ನು ಮುಂದೆ ಫೌಂಡೇಶನ್ ಬ್ರಾಕೆಟ್‌ಗಳಲ್ಲಿ, ಹಿಂದೆ ಬೆಲ್ ಹೌಸಿಂಗ್‌ನಲ್ಲಿ (ಕ್ಲಚ್ಚನ್ನು ಮುಚ್ಚುವ ಕವಚ) ಹಿಡಿಯುತ್ತದೆ. ಚೇಂಬರಿಗೂ ಕೆಳಗಿನ ಹಲಗೆಗೂ ನಾಲ್ಕು ಬೆರಳಿನ ಅಂತರವಿರುತ್ತದೆ. ಗೇರ್‌ಬಾಕ್ಸ್ ಸೇರಿದ್ದರೆ ಅದರ ಬಾಲಕ್ಕೆ ಬೇರೆಯೇ ಆಸರೆ ಬೇಕು. ರಾಚೆಟ್ ಬೆಲ್ಟ್‌ಗಳನ್ನು ಕ್ರೇಡಲ್‌ನ ನಾಲ್ಕು ಮೂಲೆಗೆ ಹಾಕಿ ಗಾಡಿಗೆ ಬಿಗಿಯಿರಿ. ಹೆಡ್ಡಿನ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರಿನ ಮೇಲೆ ಬೆಲ್ಟ್ ಹಾಯಿಸಲೇಬೇಡಿ. ಎತ್ತುವಾಗ ಚೈನ್ ಪುಲ್ಲಿಯ ಕೊಕ್ಕೆಯನ್ನು ಮ್ಯಾನಿಫೋಲ್ಡಿಗೆ (ಎಂಜಿನ್ನಿನ ಗಾಳಿ, ಹೊಗೆಯ ಕೊಳವೆ) ಸಿಕ್ಕಿಸುವವರಿದ್ದಾರೆ. ದಯವಿಟ್ಟು ಅದನ್ನು ತಡೆಯಿರಿ. ಹೆಡ್ಡಿನಲ್ಲಿ ಎತ್ತುವುದಕ್ಕೆಂದೇ ಇರುವ ಜಾಗವನ್ನೇ ಬಳಸಬೇಕು. ಎಣ್ಣೆ, ನೀರು ಬಸಿದು, ಕಾರ್ಬ್ಯುರೇಟರ್, ಡಿಸ್ಟ್ರಿಬ್ಯೂಟರ್, ಫ್ಯಾನ್ ತೆಗೆದು ಬೇರೆ ಪೆಟ್ಟಿಗೆಯಲ್ಲಿಡಿ. ತೆರೆದ ಬಾಯಿಗಳಿಗೆ ಬಟ್ಟೆ ತುರುಕದೆ ಹೊರಗಿನಿಂದ ಟೇಪ್ ಅಂಟಿಸಿ.

ಆಸ್ಟಿನ್ ಸೆವೆನ್‌ನಂಥ ಎಂಜಿನ್‌ಗಳಿಗೆ ಈ ಕ್ರೇಡಲ್ ಹೊಂದುವುದಿಲ್ಲ. 747 ಸಿಸಿಯ ಪುಟ್ಟ ಎಂಜಿನ್ ಅದು. ಬೀಡುಕಬ್ಬಿಣದ ಬ್ಲಾಕ್ ಅಲ್ಯೂಮಿನಿಯಂ ಕ್ರ್ಯಾಂಕ್‌ಕೇಸಿನ ಮೇಲೆ ನಿಂತಿರುತ್ತದೆ. ಅಷ್ಟು ಹಳೆಯ ಅಲ್ಯೂಮಿನಿಯಂ ಪೆಟ್ಟು ತಾಳುವುದಿಲ್ಲ. ಅಂಥ ಕಾರನ್ನು ಇಡಿಯಾಗಿಯೇ ತನ್ನಿ, ಎಂಜಿನ್ನನ್ನು ನಾವೇ ಇಳಿಸುತ್ತೇವೆ.

ಬ್ಲಾಕ್ ಒಡೆದರೆ ಬೇರೆ ತಂದರಾಯಿತು ಎಂದು ಕೆಲವರು ಹೇಳುತ್ತಾರೆ. ನಮಗೆ ಅದು ಒಪ್ಪಿಗೆಯಿಲ್ಲ. ಆರ್‌ಸಿಯಲ್ಲಿರುವುದು ಆ ಬ್ಲಾಕಿನ ಮೇಲೆ ಕೊರೆದ ಸಂಖ್ಯೆ. 2021ರ ಕೇಂದ್ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗಬೇಕಾದರೆ ವಾಹನ ಮೊದಲು ನೋಂದಣಿಯಾಗಿ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ನಿಮ್ಮ ತಂದೆಯವರು ಓಡಿಸಿದ ಎಂಜಿನ್ನೇ ಆ ಕಾರಿನಲ್ಲಿ ಉಳಿಯಲಿ ಎಂಬುದು ನಮ್ಮ ಆಸೆಯೂ ಹೌದು.

ಕ್ರೇಡಲ್‌ಗೆ ಬಾಡಿಗೆಯಿಲ್ಲ, ಠೇವಣಿ ಮಾತ್ರ. ಹಿಂದಿರುಗಿಸಿದ ದಿನವೇ ಪೂರ್ತಿ ಹಣ ವಾಪಸ್. ಕ್ರೇಡಲನ್ನು ನಿಮ್ಮೂರಿಗೆ ತಲುಪಿಸುವ ಸಾಗಣೆ ಖರ್ಚು ನಿಮ್ಮದು. ಈಗಾಗಲೇ ಮುಂಗಡ ಕೊಟ್ಟಿರುವವರಿಗೆ ಆ ಖರ್ಚನ್ನೂ ನಾವೇ ಭರಿಸುತ್ತೇವೆ. ಎಂಜಿನ್ ಇಳಿಸುವ ಒಂದು ವಾರ ಮೊದಲು ಕಾರಿನ ಮಾದರಿ ಮತ್ತು ಗೇರ್‌ಬಾಕ್ಸ್ ಸೇರಿದೆಯೇ ಇಲ್ಲವೇ ಎಂಬುದನ್ನು ಫೋನಿನಲ್ಲಿ ತಿಳಿಸಿ. ಅದಕ್ಕೆ ಹೊಂದುವ ಬ್ರಾಕೆಟ್‌ಗಳನ್ನು ಜೋಡಿಸಿಯೇ ಕಳುಹಿಸುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ವರ್ಕ್‌ಶಾಪಿನ ಪಾಲುದಾರರ ಪರವಾಗಿ